ಅಳೆದಾಯ್ತಲ್ಲ, ಮತ್ತೆ ಲೆಕ್ಕ ಯಾಕೆ?

ಮದುವೆ ಮನೆಯಲ್ಲಿ, ರೈಲಿನಲ್ಲಿ, ಒಮ್ಮೆ ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದುಕೊಂಡು ಕೂತಿದ್ದಾಗಲೂ ಈ ಪ್ರಶ್ನೆ ಬಂದಿದೆ. 'ಏನು ಕೆಲಸ ಮಾಡ್ತೀರಾ?' ಅಂತ ಶುರುವಾಗುತ್ತದೆ. ಕ್ವಾರ್ಕ್ ಅನ್ನೋ ಮೂಲಕಣಗಳು ಸೇರಿ ಆಗುವ ಮೀಸಾನ್ ಅನ್ನೋ ಕಣಗಳು ಹೇಗೆ ಒಡೆಯುತ್ತವೆ ಅಂತ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುತ್ತೇನೆ ಅನ್ನುತ್ತೇನೆ. ಸ್ವಲ್ಪ ಓದಿಕೊಂಡವರಾದರೆ ಮುಂದಿನ ಮಾತು ಖಾತ್ರಿ: 'ಅದನ್ನೆಲ್ಲ ಜಿನೀವಾದಲ್ಲಿ ದೊಡ್ಡ ಯಂತ್ರ ಕಟ್ಟಿ ಅಳೀತಾರಲ್ಲ. ಅಳೆದಾದ ಮೇಲೆ ಲೆಕ್ಕ ಯಾಕೆ?'

ನಮ್ಮ ಸೋದರಮಾವ ಇನ್ನೂ ನೇರ. 'ಉತ್ತರ ಗೊತ್ತಿರೋ ಲೆಕ್ಕಾನ ಮಾಡ್ತಾ ಕೂತಿದ್ದೀಯಲ್ಲೋ' ಅಂದರು. ಅವರು ಬ್ಯಾಂಕಿನಲ್ಲಿದ್ದು ರಿಟೈರ್ ಆದವರು. ಅದಕ್ಕೇ ಅವರಿಗೆ ಕೊಟ್ಟ ಉತ್ತರದಿಂದಲೇ ಶುರು ಮಾಡುತ್ತೇನೆ.

'ಮಾವ, ಒಂದು ಪಾಸ್‌ಬುಕ್ಕಿನಲ್ಲಿ ವರ್ಷದ ಬಡ್ಡಿ 2,165 ರೂಪಾಯಿ ಜಮೆ ಆಗಿದೆ. ದರ ಎಷ್ಟು ಹೇಳಿ?'

'ಅಸಲು ಎಷ್ಟು ಅಂತ ಹೇಳದೆ ದರ ಹೇಗೋ ಹೇಳ್ಲಿ?'

'ಅಸಲು ಎಷ್ಟು ಅಂತ ಕಂಡುಹಿಡಿಯೋದೇ ನನ್ನ ಕೆಲಸ.'

2,165 ಅಂತ ಸುಮ್ನೆ ಹೇಳಿದ್ದಲ್ಲ. ಕೇಯಾನ್ ಅನ್ನೋ ಮೀಸಾನ್ ಒಡೆದು ಪೈಯಾನ್ ಅನ್ನೋ ಹಗುರ ಮೀಸಾನ್, ಎಲೆಕ್ಟ್ರಾನ್, ನ್ಯೂಟ್ರಿನೊ ಆಗುವುದನ್ನು ಪ್ರಯೋಗದವರು ದಶಕಗಟ್ಟಲೆ ಅಳೆದಿದ್ದಾರೆ. ಅವರ ಕೈಗೆ ಸಿಗುವುದು 0.2165 ಅನ್ನೋ ಒಂದು ಸಂಖ್ಯೆ. ಅದು ಎರಡು ಸಂಖ್ಯೆಗಳ ಗುಣಲಬ್ಧ. ಒಂದು, ಸ್ಟ್ರೇಂಜ್ ಕ್ವಾರ್ಕ್ ಅಪ್ ಕ್ವಾರ್ಕ್ ಆಗಿ ಬದಲಾಗುವ ಬಲ. ಇದು ಪ್ರಕೃತಿಯ ಮೂಲ ದರ, ನಮಗೆ ಬೇಕಾದದ್ದು. ಇನ್ನೊಂದು, ಆ ಕ್ವಾರ್ಕ್ ಒಂಟಿಯಾಗಿರದೆ ಕೇಯಾನಿನ ಹೊಟ್ಟೆಯೊಳಗೆ ಸಿಕ್ಕಿಕೊಂಡಿರುವುದರಿಂದ ಬರುವ ಅಂಶ. ಇದು ಅಸಲು. ಪ್ರಯೋಗಕ್ಕೆ ಇವೆರಡನ್ನೂ ಬೇರೆ ಮಾಡಿ ತೋರಿಸಲು ಆಗುವುದೇ ಇಲ್ಲ, ಎಷ್ಟೇ ದೊಡ್ಡ ಯಂತ್ರ ಕಟ್ಟಿದರೂ. ಒಂಟಿ ಕ್ವಾರ್ಕ್ ಯಾರ ಕೈಗೂ ಸಿಗಲ್ಲ ನೋಡಿ.

ಎರಡನೆಯದನ್ನು ನಮ್ಮವರು ಲೆಕ್ಕ ಹಾಕಿದರೆ ಬರುವುದು ಸುಮಾರು 0.970. ಭಾಗಿಸಿ. 0.223 ಬಂತಲ್ವಾ? ಅದೇ ದರ.

ಇಂಥ ದರಗಳು ಒಟ್ಟು ಒಂಬತ್ತು. ಕ್ವಾರ್ಕ್‌ನಲ್ಲಿ ಆರು ಬಗೆ: ಅಪ್, ಡೌನ್, ಚಾರ್ಮ್, ಸ್ಟ್ರೇಂಜ್, ಟಾಪ್, ಬಾಟಮ್. ಈ ಬಗೆಗೆ 'ಫ್ಲೇವರ್' ಅಂತ ಹೆಸರು. ಅಪ್, ಚಾರ್ಮ್, ಟಾಪ್ ಮೂರು ಸಾಲು, ಡೌನ್, ಸ್ಟ್ರೇಂಜ್, ಬಾಟಮ್ ಮೂರು ಕಂಬಸಾಲು, ಹೀಗೊಂದು ದರಗಳ ಕೋಷ್ಟಕ. 1963ರಲ್ಲಿ ಇಟಲಿಯ ಭೌತವಿಜ್ಞಾನಿ ಕಬಿಬೊ ಶುರು ಮಾಡಿದ್ದನ್ನು 1973ರಲ್ಲಿ ಜಪಾನಿನ ಕೊಬಯಾಶಿ ಮತ್ತು ಮಸ್ಕಾವಾ ಪೂರ್ತಿ ಮಾಡಿದರು. ಆಗ ಇವುಗಳಲ್ಲಿ ಅರ್ಧ ಕ್ವಾರ್ಕ್‌ಗಳನ್ನು ಯಾರೂ ಕಂಡಿರಲಿಲ್ಲ! 2008ರಲ್ಲಿ ಅವರಿಬ್ಬರಿಗೂ ನೊಬೆಲ್ ಬಂತು.

ಇದೆಲ್ಲ ಎಲ್ಲೋ ಸುರಂಗದಲ್ಲಿ ನಡೆಯುವ ವಿಷಯ ಅಂತ ಅಂದುಕೊಳ್ಳಬೇಡಿ. ಆಕಾಶದಿಂದ ಬರುವ ಕಾಸ್ಮಿಕ್ ಕಿರಣ ವಾತಾವರಣಕ್ಕೆ ಬಡಿದಾಗ ಪೈಯಾನ್, ಕೇಯಾನ್ ಹುಟ್ಟುತ್ತವೆ. ಪೈಯಾನಿನ ಆಯಸ್ಸು ಬರೀ 26 ನ್ಯಾನೊ ಸೆಕೆಂಡ್, ಅಂದರೆ ಒಂದು ಸೆಕೆಂಡನ್ನು ಸುಮಾರು ನಾಲ್ಕು ಕೋಟಿ ಪಾಲು ಮಾಡಿದರೆ ಒಂದು ಪಾಲು. ಒಡೆದರೆ ಮ್ಯೂಯಾನ್ (ಎಲೆಕ್ಟ್ರಾನಿನ ಹಾಗೇ, ಆದರೆ ಭಾರ) ಮತ್ತು ನ್ಯೂಟ್ರಿನೊ. ಅಂಗೈ ಚಾಚಿ ಹಿಡಿಯಿರಿ, ಸೆಕೆಂಡಿಗೆ ಒಂದೋ ಎರಡೋ ಮ್ಯೂಯಾನ್ ಅದರ ಮೂಲಕ ಹಾದುಹೋಗುತ್ತಿರುತ್ತದೆ. ಆ ನ್ಯೂಟ್ರಿನೊಗಳನ್ನು ಮೊದಲ ಸಲ ಹಿಡಿದ ಜಾಗಗಳಲ್ಲಿ ಒಂದು ನಮ್ಮ ಕೋಲಾರದ ಚಿನ್ನದ ಗಣಿ. 1965ರಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಆಳದಲ್ಲಿ. ಗಣಿ ಮುಚ್ಚಿ ಎಷ್ಟೋ ವರ್ಷವಾಯ್ತು, ಈ ಕಥೆ ಗೊತ್ತಿರುವವರು ಕೋಲಾರದಲ್ಲೇ ಕಡಿಮೆ.

ಸರಿ, ಅಸಲಿಗೆ ಬರೋಣ. ಅದನ್ನು ಪೇಪರ್ ಮೇಲೆ ಪೆನ್ನಿನಲ್ಲಿ ಯಾಕೆ ಮಾಡಬಾರದು? ಮೀಸಾನ್ ಅಂದರೆ ಒಂದು ಕ್ವಾರ್ಕ್, ಒಂದು ಪ್ರತಿಕ್ವಾರ್ಕ್ ಅಂತ ಪಠ್ಯಪುಸ್ತಕದಲ್ಲಿ ಎರಡು ಗುಂಡು ಬರೆದಿರುತ್ತಾರೆ. ನಿಜಕ್ಕೂ ಒಳಗೆ ಸಂತೆ. ಕ್ವಾರ್ಕ್‌ಗಳನ್ನು ಅಂಟಿಸಿ ಹಿಡಿಯುವ ಗ್ಲೂವಾನ್ ಅನ್ನೋ ಕಣಗಳು ಕ್ವಾರ್ಕನ್ನು ಮಾತ್ರವಲ್ಲ, ಒಂದನ್ನೊಂದು ಕೂಡ ಎಳೆಯುತ್ತವೆ. ಕ್ಷಣಕ್ಕೊಂದು ಜೋಡಿ ಕ್ವಾರ್ಕ್ ಹುಟ್ಟಿ ಸಾಯುತ್ತದೆ. ಸಾಮಾನ್ಯವಾಗಿ ಭೌತಶಾಸ್ತ್ರದಲ್ಲಿ ದೊಡ್ಡ ಅಂಶವನ್ನು ಮೊದಲು ಹಾಕಿ, ಆಮೇಲೆ ಸಣ್ಣ ತಿದ್ದುಪಡಿಗಳನ್ನು ಒಂದೊಂದಾಗಿ ಸೇರಿಸುತ್ತೇವೆ. ಇಲ್ಲಿ ತಿದ್ದುಪಡಿಯೇ ಮೊದಲನೆಯದರಷ್ಟು ದೊಡ್ಡದು. ಆ ದಾರಿ ಮುಚ್ಚಿತು.

1974ರಲ್ಲಿ ಅಮೆರಿಕದ ಭೌತವಿಜ್ಞಾನಿ ಕೆನೆತ್ ವಿಲ್ಸನ್ ಬೇರೆ ದಾರಿ ತೋರಿಸಿದರು. ಜಾಗ ಮತ್ತು ಕಾಲ ಎರಡನ್ನೂ ಚುಕ್ಕಿ ಚುಕ್ಕಿಯಾಗಿ ಮಾಡಿಬಿಡಿ. ಚುಕ್ಕಿಯ ಮೇಲೆ ಕ್ವಾರ್ಕ್, ಚುಕ್ಕಿಯಿಂದ ಚುಕ್ಕಿಗೆ ಎಳೆಯುವ ಎಳೆಯ ಮೇಲೆ ಗ್ಲೂವಾನ್. ಇದೇ ಲ್ಯಾಟಿಸ್. ಅತ್ತೆಗೆ ಇದನ್ನು ಹೇಳಿದಾಗ 'ಚುಕ್ಕಿ ರಂಗೋಲಿನಾ?' ಅಂದರು. ಹೌದು, ನಾಲ್ಕು ದಿಕ್ಕಿನ ಚುಕ್ಕಿ ರಂಗೋಲಿ. ಒಂದೇ ವ್ಯತ್ಯಾಸ, ಚುಕ್ಕಿ ಎಷ್ಟು ಅಂತ ಕೇಳಿದರೆ ಅಂಗಳ ಸಾಲದು.

ಒಂದು ಮಾಮೂಲಿ ಲೆಕ್ಕ ಹೇಳುತ್ತೇನೆ. ಉದ್ದ, ಅಗಲ, ಎತ್ತರಕ್ಕೆ 64 ಚುಕ್ಕಿ, ಕಾಲಕ್ಕೆ 128. ಒಟ್ಟು 3 ಕೋಟಿ 35 ಲಕ್ಷ ಚುಕ್ಕಿ. ಒಂದೊಂದಕ್ಕೂ ನಾಲ್ಕು ಎಳೆ, ಒಂದೊಂದು ಎಳೆಗೂ ಎಂಟು ಸಂಖ್ಯೆ. ಅಂದರೆ ಏಕಕಾಲಕ್ಕೆ ಸುಮಾರು 107 ಕೋಟಿ ಚರಗಳ ಮೇಲೆ ಮೊತ್ತ ಹಾಕಬೇಕು. ಇಷ್ಟೆಲ್ಲ ಮಾಡಿ ನಾವು ಕಟ್ಟಿದ ಪೆಟ್ಟಿಗೆಯ ಅಗಲ ಎಷ್ಟು ಗೊತ್ತಾ? ಚುಕ್ಕಿಗಳ ನಡುವಿನ ದೂರ 0.09 ಫೆಮ್ಟೊಮೀಟರ್ ಆದರೆ, ಪೆಟ್ಟಿಗೆ ಆರು ಫೆಮ್ಟೊಮೀಟರಿಗೂ ಕಡಿಮೆ. ಒಂದು ಮಿಲಿಮೀಟರನ್ನು ಲಕ್ಷ ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ಫೆಮ್ಟೊಮೀಟರ್. ಮೂರು ಪ್ರೋಟಾನ್ ಪಕ್ಕಪಕ್ಕ ಕೂರಿಸಿದರೆ ಪೆಟ್ಟಿಗೆ ಭರ್ತಿ.

107 ಕೋಟಿ ಚರಗಳ ಮೊತ್ತವನ್ನು ಯಾವ ಸೂಪರ್‌ಕಂಪ್ಯೂಟರೂ ನೇರವಾಗಿ ಹಾಕಲಾರದು. ಅದಕ್ಕೆ ಮಾದರಿ ತೆಗೆಯುತ್ತೇವೆ. ಅನ್ನ ಬೆಂದಿದೆಯಾ ನೋಡಲು ಒಂದು ಅಗುಳು ಸಾಕು, ನಮಗೆ ಸಾವಿರ ಅಗುಳು ಬೇಕು. ತಪ್ಪಿನ ಅಳತೆ ಅರ್ಧ ಆಗಬೇಕಾದರೆ ನಾಲ್ಕು ಪಟ್ಟು ಜಾಸ್ತಿ. ಹಣ, ಕರೆಂಟು, ವರ್ಷಗಳು ಖರ್ಚಾಗುವುದು ಇಲ್ಲೇ. ಇದೇ ಕಾರಣಕ್ಕೆ 1980, 90ರ ದಶಕಗಳಲ್ಲಿ ಹುಟ್ಟಿ ಸಾಯುವ ಆ ಕ್ವಾರ್ಕ್ ಜೋಡಿಗಳನ್ನು ಲೆಕ್ಕದಿಂದಲೇ ಬಿಟ್ಟುಬಿಡುತ್ತಿದ್ದರು. ಉತ್ತರ ಶೇಕಡ 10ರಷ್ಟು ಆಚೀಚೆ ಆಗುತ್ತಿತ್ತು. ಈ ಕ್ಷೇತ್ರದವರು ವರ್ಷಕ್ಕೊಮ್ಮೆ ಸೇರುವ ಸಮ್ಮೇಳನ 2000ದ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ನಡೆಯಿತು. ಆ ಕ್ವಾರ್ಕ್ ಜೋಡಿಗಳನ್ನು ಬಿಡದೆ ಮಾಡಿದ ಲೆಕ್ಕಗಳು ಪ್ರಯೋಗದ ಜೊತೆ ಶೇಕಡ ಎರಡು ಮೂರರ ಒಳಗೆ ಕೂಡಿದ್ದು ಅದಾದ ಮೂರ್ನಾಲ್ಕು ವರ್ಷಕ್ಕೆ.

ಕಂಪ್ಯೂಟರ್ ಕೊನೆಗೆ ಏನು ಕೊಡುತ್ತದೆ ಅಂತ ಹತ್ತಿರದಿಂದ ನೋಡೋಣ. ಒಂದು ಉದ್ದನೆಯ ಫೈಲ್. ಎಡಗಡೆ ಕಾಲದ ಚುಕ್ಕಿ, 0, 1, 2, 3... ಬಲಗಡೆ ಒಂದು ಸಂಖ್ಯೆ. ಡಿ-ಎಸ್ ಅನ್ನೋ ಮೀಸಾನ್ ತೆಗೆದುಕೊಳ್ಳಿ, ಚಾರ್ಮ್ ಮತ್ತು ಪ್ರತಿ-ಸ್ಟ್ರೇಂಜ್ ಜೋಡಿ. ಬಲಗಡೆಯ ಸಂಖ್ಯೆ ಪ್ರತಿ ಸಾಲಿಗೂ ಕುಸಿಯುತ್ತದೆ. ಎಷ್ಟು? 0.09 ಫೆಮ್ಟೊಮೀಟರ್ ಲ್ಯಾಟಿಸ್‌ನಲ್ಲಿ ಪ್ರತಿ ಹೆಜ್ಜೆಗೂ ಹಿಂದಿನದರ 0.407 ಪಟ್ಟು. ಅದರ ಲಾಗರಿದಂ, ಮೈನಸ್ ಚಿಹ್ನೆ ಬಿಟ್ಟರೆ, 0.898. ಲ್ಯಾಟಿಸ್ ಅಳತೆಯಿಂದ ನಮ್ಮ ಅಳತೆಗೆ ತಂದರೆ 1968 ಮೆಗಾ ಎಲೆಕ್ಟ್ರಾನ್ ವೋಲ್ಟ್, ಅಂದರೆ ಎಂಇವಿ. ಕಣಗಳ ತೂಕ ಹೇಳುವುದು ಇದರಲ್ಲೇ. ಡಿ-ಎಸ್ ತೂಕ ಅಷ್ಟೇ. ಆದರೆ ಇಲ್ಲಿ ಬೀಗಬೇಡಿ. ಚಾರ್ಮ್ ಕ್ವಾರ್ಕಿನ ತೂಕವನ್ನು ಇಂಥದ್ದೊಂದು ಮೀಸಾನಿನ ತೂಕ ಸರಿ ಬರುವ ಹಾಗೆ ನಾವೇ ಮೊದಲು ಹೊಂದಿಸಿರುತ್ತೇವೆ. ನಿಜವಾದ ಉತ್ತರ ಇರುವುದು ಕುಸಿತದ ವೇಗದಲ್ಲಲ್ಲ, ಎತ್ತರದಲ್ಲಿ. ಆ ಎತ್ತರ ಹೇಳುವುದು ಒಳಗಿನ ಎರಡು ಕ್ವಾರ್ಕ್ ಒಂದೇ ಬಿಂದುವಿನಲ್ಲಿ ಎದುರಾಗುವ ಸಾಧ್ಯತೆ ಎಷ್ಟು ಅಂತ. ಅವು ಎದುರಾದರೆ ತಾನೆ ಮೀಸಾನ್ ಸಾಯುವುದು. ಡಿ-ಎಸ್‌ನ ಅಸಲು ಅದೇ.

ಈ ಡಿ-ಎಸ್‌ನದು ಒಂದು ದೊಡ್ಡ ಕಥೆ. 2007ರಲ್ಲಿ ಎಚ್‌ಪಿಕ್ಯೂಸಿಡಿ ಅನ್ನೋ ಲ್ಯಾಟಿಸ್ ತಂಡ ಅಸಲು 241 ಎಂಇವಿ, ತಪ್ಪಿನ ಅಂದಾಜು 3 ಅಂತ ಪ್ರಕಟಿಸಿತು. ಅಷ್ಟು ಬಿಗಿಯಾಗಿ ಅದುವರೆಗೆ ಯಾರೂ ಹೇಳಿರಲಿಲ್ಲ. ಈ ಕೋಷ್ಟಕದಲ್ಲಿ ಚಾರ್ಮ್‌ನಿಂದ ಸ್ಟ್ರೇಂಜ್‌ಗೆ ದರ ಬೇರೆ ಕಡೆಯಿಂದ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಬಡ್ಡಿಯಿಂದ ಅಸಲನ್ನು ಹಿಂದಕ್ಕೆ ಲೆಕ್ಕ ಹಾಕಬಹುದಿತ್ತು. ಪ್ರಯೋಗಗಳ ಸರಾಸರಿ ತೆಗೆದು ನೋಡಿದರೆ 277, ತಪ್ಪು 9. ಅಂತರ ಆಕಸ್ಮಿಕ ಅನ್ನಲಾರದಷ್ಟು ದೊಡ್ಡದು. 2008ರಲ್ಲಿ ಇದು ಯಾವುದೋ ಹೊಸ ಕಣದ ಕೈವಾಡ ಇರಬಹುದು ಅಂತ ಗಂಭೀರವಾದ ಲೇಖನವೇ ಬಂತು.

ಆಮೇಲೆ? ಎರಡೂ ಕಡೆಯವರು ಒಂದೊಂದು ಹೆಜ್ಜೆ ಇಟ್ಟರು. ಕಾರ್ನೆಲ್‌ನ ಕ್ಲಿಯೋ ಪ್ರಯೋಗದವರು ಜಾಸ್ತಿ ಡೇಟಾ ಸೇರಿಸಿದ ಮೇಲೆ ಅವರ ಸಂಖ್ಯೆ 2009ರಲ್ಲಿ 260ರ ಹತ್ತಿರ ಇಳಿಯಿತು. 2010ರಲ್ಲಿ ಅದೇ ಎಚ್‌ಪಿಕ್ಯೂಸಿಡಿ ತಂಡ 248 ಅಂತ ತಿದ್ದಿತು. ತಿದ್ದಲು ದೊಡ್ಡ ಕಾರಣ ಡಿ-ಎಸ್ ಅಲ್ಲವೇ ಅಲ್ಲ, ಅಳತೆಗೋಲು. ಕಂಪ್ಯೂಟರ್ ಒಳಗೆ ಚುಕ್ಕಿಗಳ ನಡುವೆ ಇಷ್ಟೇ ದೂರ ಅಂತ ಬರೆದಿರುವುದಿಲ್ಲ. ಗೊತ್ತಿರುವ ಯಾವುದೋ ಒಂದನ್ನು ಅದೇ ಲ್ಯಾಟಿಸ್‌ನಲ್ಲಿ ಲೆಕ್ಕ ಹಾಕಿ, ಹೋಲಿಸಿ, ದೂರವನ್ನು ಊಹಿಸಬೇಕು. ಆ ಕೋಲು ಮೊದಲು 0.321 ಫೆಮ್ಟೊಮೀಟರ್ ಅಂತಿತ್ತು. ಇನ್ನೂ ಚೆನ್ನಾಗಿ ಅಳೆದಾಗ 0.313 ಆಯಿತು. ಶೇಕಡ ಎರಡೂವರೆ ವ್ಯತ್ಯಾಸ, ಅಷ್ಟೇ. ಬಟ್ಟೆ ಅಂಗಡಿಯವನ ಮೀಟರ್ ಕೋಲು ಸವೆದಿದ್ದರೆ ಪಂಚೆ, ಸೀರೆ ಎಲ್ಲದರ ಅಳತೆಯೂ ತಪ್ಪುತ್ತದಲ್ಲ, ಹಾಗೆ. ಈಗ ಬೇರೆ ಬೇರೆ ತಂಡಗಳು ಸೇರಿ ಹೇಳುವ ಅಸಲು 250ರ ಹತ್ತಿರ, ತಪ್ಪು ಅರ್ಧ ಎಂಇವಿ. ಪ್ರಯೋಗವೂ ಅಲ್ಲಿಗೇ ಬಂದಿದೆ. ಹೊಸ ಕಣ ಬರಲಿಲ್ಲ.

ಹೊರಗಿನವರಿಗೆ ಇದು ಮುಜುಗರದ ಕಥೆ ಅನ್ನಿಸಬಹುದು. ನನಗೆ ಹಾಗನ್ನಿಸಲ್ಲ. 241 ಅಂತ ಹೇಳಿ ತಪ್ಪು 30 ಅಂದಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ, ಕೋಲು ಸವೆದಿದೆ ಅಂತಲೂ ಗೊತ್ತಾಗುತ್ತಿರಲಿಲ್ಲ. 3 ಅಂದಿದ್ದಕ್ಕೇ ಜಗಳವಾಯಿತು. ನಮ್ಮ ಕೆಲಸದಲ್ಲಿ ಬೆಲೆ ಇರುವುದು ಸಂಖ್ಯೆಗಲ್ಲ, ಅದರ ಪಕ್ಕ ಬರೆಯುವ ತಪ್ಪಿನ ಅಂದಾಜಿಗೆ. ಮಾವನ 'ಉತ್ತರ ಗೊತ್ತಿರೋ ಲೆಕ್ಕ' ನಿಜಕ್ಕೂ ಅಪಾಯ ಆಗುವುದೂ ಅಲ್ಲೇ. ಉತ್ತರ ಗೊತ್ತಿದ್ದರೆ ಮನಸ್ಸು ಆ ಕಡೆಗೇ ವಾಲುತ್ತದೆ.

ನಾನೇ ವಾಲಿದ್ದೇನೆ. ಓದುತ್ತಿದ್ದ ದಿನಗಳು. ಆ ಫೈಲ್‌ನ ಮೊದಲ ಸಾಲುಗಳನ್ನು ನಂಬುವ ಹಾಗಿಲ್ಲ, ಭಾರವಾದ ಬೇರೆ ಸ್ಥಿತಿಗಳೂ ಅಲ್ಲಿ ಬೆರೆತಿರುತ್ತವೆ. ಕೊನೆಯ ಸಾಲುಗಳಲ್ಲಿ ಬರೀ ಗದ್ದಲ. ನಡುವೆ ಎಲ್ಲಿಂದ ಎಲ್ಲಿವರೆಗೆ ತೆಗೆದುಕೊಳ್ಳಬೇಕು ಅನ್ನೋದು ನಮ್ಮ ವಿವೇಕ. ನಾನು ಏಳನೇ ಸಾಲಿನಿಂದ ತೆಗೆದುಕೊಂಡೆ. ಉತ್ತರ ಹಳೆಯ ಪ್ರಯೋಗದ ಮೇಲೆ ಅಚ್ಚು ಹೊಡೆದ ಹಾಗೆ ಕೂತಿತು. ಖುಷಿಯಿಂದ ಗೈಡ್‌ಗೆ ತೋರಿಸಿದೆ. ಅವರು ಸ್ಕ್ರೀನ್ ನೋಡಲೇ ಇಲ್ಲ. 'ಏಳೇ ಯಾಕೆ? ಉತ್ತರ ನೋಡೋಕೆ ಮುಂಚೆ ಆರಿಸಿದ್ದಾ, ನೋಡಿದ ಮೇಲಾ?' ಅಂದರು. ನಾನು ನೆಲ ನೋಡಿದೆ. ಹತ್ತನೇ ಸಾಲಿನಿಂದ ಮತ್ತೆ ಮಾಡಿದಾಗ ಉತ್ತರ ಸ್ವಲ್ಪ ಜರುಗಿತು, ತಪ್ಪಿನ ಅಂದಾಜು ಎರಡರಷ್ಟಾಯಿತು.

ಇದಕ್ಕೇ ಈಗ ಹಲವು ತಂಡಗಳು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೆಲಸ ಮಾಡುತ್ತವೆ. ಫೈಲ್‌ನ ಎಲ್ಲಾ ಸಂಖ್ಯೆಗಳನ್ನೂ ಒಬ್ಬರು ಯಾವುದೋ ಗುಟ್ಟಿನ ಅಂಕಿಯಿಂದ ಗುಣಿಸಿ ಕೊಡುತ್ತಾರೆ. ಉಳಿದವರು ಆಯ್ಕೆಗಳನ್ನೆಲ್ಲ ಮುಗಿಸಿ, ಇನ್ನು ಮುಟ್ಟಲ್ಲ ಅಂತ ಒಪ್ಪಿಕೊಂಡ ಮೇಲೆ ಆ ಅಂಕಿ ಹೊರಗೆ ಬರುತ್ತದೆ.

ಉತ್ತರ ಗೊತ್ತಿಲ್ಲದ ಲೆಕ್ಕವನ್ನೂ ಮಾಡಿದ್ದಾರೆ ಅನ್ನೋದನ್ನು ಮಾವನಿಗೆ ಹೇಳದೆ ಬಿಡಲಿಲ್ಲ. ಬಾಟಮ್ ಮತ್ತು ಚಾರ್ಮ್ ಸೇರಿದ ಬಿ-ಸಿ ಮೀಸಾನಿನ ತೂಕ 1998ರ ಅಳತೆಯಲ್ಲಿ ಸುಮಾರು 6400 ಎಂಇವಿ, ತಪ್ಪು 400ರಷ್ಟು. ಗೊತ್ತಿಲ್ಲ ಅಂದ ಹಾಗೇ. 2004ರ ಕೊನೆಗೆ ಲ್ಯಾಟಿಸ್‌ನವರು 6304, ತಪ್ಪು 20ರ ಆಸುಪಾಸು ಅಂದರು. ಮರುವರ್ಷ ಷಿಕಾಗೊ ಹತ್ತಿರದ ಫರ್ಮಿಲ್ಯಾಬ್‌ನಲ್ಲಿ ಸಿಡಿಎಫ್ ಪ್ರಯೋಗ ಅಳೆದು 6287 ಅಂದಿತು.

ಮಾವ ಇದಕ್ಕೆ ತಲೆದೂಗಿದರು. ಆದರೆ ಬ್ಯಾಂಕಿನವರಲ್ವಾ, ಮೊದಲ ಲೆಕ್ಕವನ್ನು ಮರೆತಿರಲಿಲ್ಲ. 'ಆ 0.223 ಇಟ್ಟುಕೊಂಡು ಏನು ಮಾಡ್ತೀರಿ?' ಅಂದರು. ತಾಳೆ ನೋಡುತ್ತೇವೆ. ಅಪ್ ಕ್ವಾರ್ಕ್ ಸಾಲಿನ ಮೂರು ದರಗಳನ್ನು ವರ್ಗ ಮಾಡಿ ಕೂಡಿದರೆ ಸರಿಯಾಗಿ 1 ಬರಬೇಕು. ವರ್ಗ ಅಂದರೆ ಇಲ್ಲಿ ಸಾಧ್ಯತೆ, ಸಾಧ್ಯತೆಗಳೆಲ್ಲ ಸೇರಿದರೆ ಪೂರ್ತಿ ಒಂದು. ಡೌನ್‌ದು 0.974ರ ಹತ್ತಿರ, ಸ್ಟ್ರೇಂಜ್‌ದು 0.223, ಬಾಟಮ್‌ದು 0.004ಕ್ಕೂ ಕಡಿಮೆ, ಅದನ್ನು ಬಿಟ್ಟರೂ ನಡೆಯುತ್ತೆ. ಕೂಡಿದರೆ 0.998. ಕಡಿಮೆ ಬೀಳುವ 0.002 ತಪ್ಪಿನ ಅಂದಾಜನ್ನು ದಾಟಿದೆ, ಆದರೆ ಬಹಳ ದೂರ ಹೋಗಿಲ್ಲ. ಇನ್ನೊಂದು ತಕರಾರೂ ಇದೆ. ಕೇಯಾನ್ ಮತ್ತು ಪೈಯಾನ್ ನೇರವಾಗಿ ಮ್ಯೂಯಾನ್ ಆಗುವುದನ್ನು ಹೋಲಿಸಿ ಅದೇ ದರ ತೆಗೆದರೆ 0.225 ಬರುತ್ತದೆ, 0.223 ಅಲ್ಲ.

'ಅಂದ್ರೆ ಎಲ್ಲೋ ದುಡ್ಡು ಸೋರ್ತಿದೆ' ಅಂದರು ಮಾವ.

ಹೊಸ ಕಣವೊಂದು ಸೋರಿಸುತ್ತಿದೆ ಅನ್ನುವವರು ಇದ್ದಾರೆ. ಡಿ-ಎಸ್ ನೋಡಿದ ಮೇಲೆ ನನಗೆ ಮೊದಲು ಸಂಶಯ ಬರುವುದು ಕೋಲಿನ ಮೇಲೆ. ಡೌನ್ ದರ ಬರುವುದು ಪರಮಾಣು ಬೀಜಗಳ ಕ್ಷಯದಿಂದ, ಅಲ್ಲಿನ ತಿದ್ದುಪಡಿಗಳೇ ಒಂದು ತಲೆನೋವು. ನಮ್ಮ ಕಡೆಯೂ ಪೂರ್ತಿ ಚೊಕ್ಕ ಅಲ್ಲ. ಅಪ್ ಮತ್ತು ಡೌನ್ ಒಂದೇ ತೂಕ, ಕ್ವಾರ್ಕ್‌ಗಳಿಗೆ ವಿದ್ಯುತ್ತೇ ಇಲ್ಲ ಅಂತ ಬಹಳ ದಿನ ಲೆಕ್ಕ ಹಾಕಿದ್ದೇವೆ. ಶೇಕಡ ಹತ್ತರ ತಪ್ಪಿದ್ದ ಕಾಲಕ್ಕೆ ಅದು ನಡೆಯುತ್ತಿತ್ತು. ಶೇಕಡ ಕಾಲು ಭಾಗಕ್ಕೆ ಇಳಿದ ಮೇಲೆ ನಡೆಯಲ್ಲ. ಈಗ ವಿದ್ಯುತ್ತನ್ನೂ ಅದೇ ರಂಗೋಲಿಯೊಳಗೆ ಸೇರಿಸಬೇಕು. ಅದರಲ್ಲೊಂದು ಕಷ್ಟ ಇದೆ. ವಿದ್ಯುತ್ ಬಲ ದೂರದೂರಕ್ಕೆ ಚಾಚುತ್ತದೆ, ನಮ್ಮ ಪೆಟ್ಟಿಗೆ ಇರುವುದು ಮೂರು ಪ್ರೋಟಾನ್ ಅಗಲ. ಒಂದು ಬದಿಯಿಂದ ಹೊರಗೆ ಹೋದದ್ದು ಎದುರು ಬದಿಯಿಂದ ವಾಪಸ್ ಬರುತ್ತದೆ. ಆ ಪ್ರತಿಧ್ವನಿಯನ್ನು ಕಳೆಯುವುದು ಹೇಗೆ ಅನ್ನೋದರಲ್ಲೇ ನನ್ನ ಈ ವರ್ಷ ಹೋಗುತ್ತಿದೆ.

'ಟ್ಯಾಲಿ ಆದಾಗ ಫೋನ್ ಮಾಡು' ಅಂದು ಮಾವ ಊಟಕ್ಕೆ ಎದ್ದರು.