ಕೀನ್ಯಾಕ್ಕೆ ಸೇವೆಗೆ ಹೊರಟವರಿಗೆ

ಕಾರವಾರ, ಅಂಕೋಲಾ ಕಡೆಯ ಚರ್ಚುಗಳಿಂದ ಎರಡು ವಾರದ ಸೇವೆಗೆಂದು ಕೀನ್ಯಾಕ್ಕೆ ಹೊರಡುವವರೇ, ಟಿಕೆಟ್ಟಿಗಿಂತ ಮೊದಲು ಯೆಲ್ಲೋ ಫೀವರ್ (ಸೊಳ್ಳೆಯಿಂದ ಹರಡುವ ಹಳದಿ ಜ್ವರ) ಲಸಿಕೆ ನೋಡಿ. ನಮಗೆ ಹತ್ತಿರ ಗೋವಾದ ಮರ್ಮಗೋವಾ ಬಂದರಿನ ಆರೋಗ್ಯ ಕಚೇರಿ. ಫೋನ್ ಮಾಡಿಯೇ ಹೋಗಿ. ಸೀಸೆ ತೆರೆದ ಮೇಲೆ ಕೆಲವೇ ತಾಸಲ್ಲಿ ಮುಗಿಸಬೇಕಾದ ಲಸಿಕೆ ಅದು, ಒಬ್ಬರಿಗಾಗಿ ತೆರೆಯಲಿಕ್ಕಿಲ್ಲ. ಲಸಿಕೆ ಹಾಕಿಸಿದ್ದಕ್ಕೆ ಒಂದು ಕಾರ್ಡು ಕೊಡುತ್ತಾರೆ, ಚುಚ್ಚಿಸಿಕೊಂಡ 10 ದಿನದ ಮೇಲಷ್ಟೇ ಅದಕ್ಕೆ ಬೆಲೆ. ಅದಿಲ್ಲದೆ ವಾಪಸ್ ಬಂದರೆ ಇಲ್ಲಿನ ವಿಮಾನ ನಿಲ್ದಾಣದಲ್ಲೇ 6 ದಿನದವರೆಗೆ ಪ್ರತ್ಯೇಕ ಇಡಬಹುದು.

ಹಾಲಿನ ಪುಡಿ ಡಬ್ಬಿ ಮಾತ್ರ ಹಂಚಬೇಡಿ ಮಾರಾಯ್ರೆ. ನೀರು ಶುದ್ಧವಿಲ್ಲದ ಕಡೆ ಕೂಸಿಗೆ ಭೇದಿ ಶುರು. ಪುಡಿ ಮುಗಿಯುವಷ್ಟರಲ್ಲಿ ತಾಯಿಗೆ ಎದೆಹಾಲೂ ಕಡಿಮೆಯಾಗಿರುತ್ತದೆ. ಓಆರ್‌ಎಸ್ ಕೊಡಿ, ಆದರೆ ದೊಡ್ಡ ಪೊಟ್ಟಣಕ್ಕೆ 1 ಲೀಟರ್ ಕಾಯಿಸಿ ಆರಿಸಿದ ನೀರು ಅಂತ ಅಳೆದು ತೋರಿಸಿ. ಒಂದು ಲೋಟಕ್ಕೆ ಪೂರ್ತಿ ಸುರಿದರೆ ಉಪ್ಪು ಹೆಚ್ಚಾಗಿ ಅಪಾಯ. ಜಂತುಹುಳದ ಅಲ್ಬೆಂಡಜೋಲ್ 2 ವರ್ಷ ದಾಟಿದವರಿಗೆ 400 ಮಿಲಿಗ್ರಾಂ, 1ರಿಂದ 2 ವರ್ಷದವರಿಗೆ 200. ಚಿಕ್ಕವರಿಗೆ ಪುಡಿ ಮಾಡಿ ನೀರಲ್ಲಿ ಕಲಸಿ, ಇಲ್ಲದಿದ್ದರೆ ಗಂಟಲಿಗೆ ಸಿಕ್ಕೀತು. ಶಾಲೆಯಲ್ಲಿ ಆಗಲೇ ಕೊಟ್ಟಿದ್ದಾರೋ ಅಂತ ಅಲ್ಲಿನ ಆರೋಗ್ಯ ಕಾರ್ಯಕರ್ತರನ್ನು ಕೇಳಿ, ಅವರ ಕೈಯಿಂದಲೇ ಕೊಡಿಸಿ.

ಮಗುವಿನ ಜೊತೆ ಒಬ್ಬರೇ ಕೋಣೆಯಲ್ಲಿರಬಾರದು, ಯಾವಾಗಲೂ ಇಬ್ಬರು ದೊಡ್ಡವರು. ಪಾಲಕರನ್ನು ಕೇಳದೆ ಫೋಟೋ ಬೇಡ. ಅನಾಥಾಲಯದ ಭೇಟಿ ಬಿಟ್ಟರೇ ಒಳ್ಳೆಯದು ಅನ್ನುತ್ತೇನೆ: ಹದಿನೈದು ದಿನಕ್ಕೊಮ್ಮೆ ಹೊಸ ಅಕ್ಕ, ಹೊಸ ಅಣ್ಣ ಬಂದು ಎತ್ತಿ ಆಡಿಸಿ ಹೋಗುತ್ತಿದ್ದರೆ ಆ ಮಕ್ಕಳು ಯಾರನ್ನು ಹಚ್ಚಿಕೊಳ್ಳಬೇಕು? ಆ ಹೊತ್ತನ್ನು ಅಲ್ಲಿನ ಸಂಡೇ ಸ್ಕೂಲ್ ಶಿಕ್ಷಕರ ತರಬೇತಿಗೆ ಕೊಡಿ.