ಗಪ್ಪಿ ತೊಟ್ಟಿಯನ್ನು ಮತ್ತೆ ಕಟ್ಟುತ್ತಾ: ಒಂಬತ್ತನೆಯ ವಾರ

ಹಳೆಯ ತೊಟ್ಟಿಯನ್ನು ಬರಿದು ಮಾಡಿ ಇಂದಿಗೆ ಒಂಬತ್ತು ವಾರಗಳಾದವು. ಗಪ್ಪಿಗಳು ಮೇವು ಬಿಟ್ಟು, ಹೊಟ್ಟೆ ಒಳಸೇರಿ, ಬೆನ್ನು ಬಾಗಿ ಒಂದೊಂದಾಗಿ ಸತ್ತಾಗ ನಾನು ನೀರನ್ನೇ ಶಂಕಿಸಿದ್ದೆ. ಮೀನುಗಾರಿಕೆ ವಿಜ್ಞಾನ ಓದುತ್ತಿರುವ ಗೆಳೆಯರೊಬ್ಬರು ಕೊನೆಯ ಮೀನಿನ ಗುಲ್ಮದಿಂದ ಲೇಪ ತೆಗೆದು, ಕ್ಷಯದ ಗುಂಪಿನ ರೋಗಾಣುಗಳನ್ನು ಕೆಂಪಾಗಿ ತೋರಿಸುವ ಜೀಲ್–ನೀಲ್ಸನ್ ವಿಧಾನದಲ್ಲಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ತೋರಿಸಿದಾಗ, ನೀಲಿ ಹಿನ್ನೆಲೆಯಲ್ಲಿ ಸಣ್ಣ ಕೆಂಪು ಕಡ್ಡಿಗಳು ಅಲ್ಲಲ್ಲಿ ಗುಂಪುಗೂಡಿದ್ದವು. ಅವು ಕ್ಷಯದ ರೋಗಾಣುವಿನ ದಾಯಾದಿಗಳಾದ ಮೈಕೋಬ್ಯಾಕ್ಟೀರಿಯಗಳು. ಈ ಬಣ್ಣದಿಂದಷ್ಟೇ ಪ್ರಭೇದವನ್ನು ಗುರುತಿಸಲಾಗದು. ಮೀನುಗಳನ್ನು ಸಾಮಾನ್ಯವಾಗಿ ಕಾಡುವವು ಮರೀನಮ್, ಫಾರ್ಚುಯಿಟಮ್ ಮತ್ತು ಕೆಲೋನೆ ಎಂಬ ಪ್ರಭೇದಗಳು.

ಇವುಗಳಲ್ಲಿ ಮರೀನಮ್‌ ಅನ್ನು 1926ರಲ್ಲಿ ಅರಾನ್ಸನ್ ಎಂಬ ವಿಜ್ಞಾನಿ ಫಿಲಡೆಲ್ಫಿಯಾದ ಮತ್ಸ್ಯಾಲಯದಲ್ಲಿ ಸತ್ತ ಕಡಲಮೀನುಗಳಿಂದ ಬೇರ್ಪಡಿಸಿ ವಿವರಿಸಿದರು. ಅದಕ್ಕೆ ಹಿಡಿಸುವುದು ಸುಮಾರು 30 ಡಿಗ್ರಿ ಸೆಲ್ಸಿಯಸ್. 37 ಡಿಗ್ರಿಯಲ್ಲಿ ಅದು ಚೆನ್ನಾಗಿ ಬೆಳೆಯುವುದಿಲ್ಲ. ಆದ್ದರಿಂದಲೇ ಮನುಷ್ಯರಲ್ಲಿ ಅದು ಹೆಚ್ಚಾಗಿ ದೇಹದ ತಣ್ಣನೆಯ ಭಾಗಗಳಾದ ಬೆರಳು, ಮುಂಗೈಗಳಲ್ಲಿ ಗಾಯದ ಮೂಲಕ ಹೊಕ್ಕು, ವಾರಗಳ ನಂತರ ಗಂಟಾಗಿ ಕಾಣಿಸಿಕೊಳ್ಳುತ್ತದೆ. ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಇನ್ನೂ ಆಳಕ್ಕೆ ಇಳಿಯಬಹುದು. ಗುಣವಾಗಲು ತಿಂಗಳುಗಟ್ಟಲೆ ಔಷಧ ಬೇಕಾಗುತ್ತದೆ.

ಹಳೆಯ ಫಿಲ್ಟರ್‌ನ ಸ್ಪಂಜನ್ನು ಹಿಂಡಿದಾಗ ಇಳಿದ ಕಂದು ಲೋಳೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಇಂಥ ಲೋಳೆಪದರದಲ್ಲಿ ಅವು ನೆಲೆಯೂರುತ್ತವೆ; ಮೇಣದಂಥ ಕೋಶಭಿತ್ತಿಯ ಕಾರಣ ಕ್ಲೋರಿನ್ನಿಗೂ ಸುಲಭವಾಗಿ ಮಣಿಯುವುದಿಲ್ಲ. ಆದುದರಿಂದ ಸ್ಪಂಜು, ಮರಳು, ಗಿಡಗಳನ್ನು ಉಳಿಸಿಕೊಳ್ಳುವ ಆಸೆಯನ್ನೇ ಬಿಟ್ಟು ಎಲ್ಲವನ್ನೂ ಎಸೆದೆ. ಗಾಜನ್ನು ತಿಕ್ಕಿ ತೊಳೆದು, ಬಿಸಿಲಿನಲ್ಲಿ ಒಣಗಿಸಿ, 70 ಶೇಕಡಾ ಆಲ್ಕೋಹಾಲಿನಿಂದ ಒರೆಸಿದೆ. ಹಾಗಿದ್ದೂ ಇವು ನಲ್ಲಿಯ ನೀರಿನಲ್ಲೂ ಇರಬಲ್ಲವಾದ್ದರಿಂದ, ತೊಟ್ಟಿಯನ್ನು ಇವುಗಳಿಂದ ಪೂರ್ತಿ ಮುಕ್ತಗೊಳಿಸುವುದು ಸಾಧ್ಯವೆಂದು ನಾನು ನಂಬುವುದಿಲ್ಲ. ಮೀನುಗಳನ್ನು ಕಿಕ್ಕಿರಿಯದಂತೆ ಇಟ್ಟು, ಸತ್ತದ್ದನ್ನು ಇತರ ಮೀನುಗಳು ಕಚ್ಚುವ ಮೊದಲೇ ತೆಗೆಯುವುದು ನನ್ನ ಕೈಲಾಗುವ ಕೆಲಸ.

ಬಾಯಿಯಿಂದ ಎಳೆದು ಕೊಳವೆಯಲ್ಲಿ ನೀರು ಹರಿಸುತ್ತಿದ್ದ ವರ್ಷಗಳ ಅಭ್ಯಾಸವನ್ನು ನಿಲ್ಲಿಸಿ, ಕೈಯಿಂದ ಒತ್ತುವ ರಬ್ಬರ್ ಪಂಪು ತಂದಿದ್ದೇನೆ. ಕಳೆದ ವಾರ ಗುಲಾಬಿ ಮುಳ್ಳು ಬೆರಳಿಗೆ ಚುಚ್ಚಿದ್ದರಿಂದ, ಮೊಣಕೈವರೆಗಿನ ಕೈಗವಸು ಹಾಕದೆ ನೀರಿಗೆ ಕೈ ಇಳಿಸಲಿಲ್ಲ.

ಹೊಸ ನೀರಿನಲ್ಲಿ ಮೀನುಗಳಿಗೆ ವಿಷವಾದ ಅಮೋನಿಯ, ನೈಟ್ರೈಟ್ ಎರಡೂ ಈಗ ಸೊನ್ನೆಗೆ ಇಳಿದಿವೆ. ಆರು ಗಪ್ಪಿಗಳು ಬೇರೆ ಬಲೆ, ಬೇರೆ ಬಕೆಟ್ಟಿನೊಂದಿಗೆ ಪ್ರತ್ಯೇಕ ತೊಟ್ಟಿಯಲ್ಲಿವೆ. ರೋಗ ನಿಧಾನವಾಗಿ ಬೆಳೆಯುವಂಥದ್ದಾದ್ದರಿಂದ ಅವುಗಳನ್ನು ಇನ್ನೂ ಎಂಟು ವಾರ ಅಲ್ಲಿಯೇ ಇರಿಸುತ್ತೇನೆ. ಒಂದು ಹೆಣ್ಣುಮೀನಿನ ಬೆನ್ನಿನ ಗೆರೆಯನ್ನು ದಿನವೂ ಬೆಳಿಗ್ಗೆ ಫೋಟೋ ತೆಗೆದು ಹೋಲಿಸುತ್ತಿದ್ದೇನೆ.