ಉಂಡ ಮನೆ ಯಾವುದು?

ಭಾನುವಾರದಿಂದ ಒಂದು ಮಾತು ಕಿವಿಯಲ್ಲೇ ಕೂತಿದೆ. ಪಾತ್ರೆ ತೊಳೆಯುವಾಗ, ಸಿಗ್ನಲ್‌ನಲ್ಲಿ ನಿಂತಾಗ, ಆಫೀಸ್ ಮೀಟಿಂಗಿನಲ್ಲಿ ಮೈಕ್ ಆಫ್ ಮಾಡಿ ಕೂತಾಗ ಮತ್ತೆ ಮತ್ತೆ ಬರುತ್ತದೆ.

"ಎಲ್ಲಾ ಸರಿ ಕಣಮ್ಮಾ. ಆದ್ರೆ ನಾನ್ ಉಂಡಿರೋ ಅಕ್ಕಿ ಯಾರ್ದು?"

ಕೇಳಿದ್ದು ಒಬ್ಬ ಸಮುರಾಯ್. ವಯಸ್ಸು 62, ಮಂಡ್ಯದ ಕಡೆಯವರು, ಮಳೆ ನಿಂತ ತಕ್ಷಣ ಹೊರಡಬೇಕು ಅಂತ ಬಾಗಿಲ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡಿದ್ದರು.

ನಮ್ಮ ಮನೆಯಲ್ಲಿ ತಿಂಗಳಿಗೆ ಎರಡು ಭಾನುವಾರ ಆಟ ನಡೆಯುತ್ತದೆ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ, ಅನುಮಾನ ಬಂದಲ್ಲಿ ದಾಳ ಹಾಕುತ್ತಾರೆ. ಕಥೆ ನಡೆಸುವುದು ನಾನು. ಅದಕ್ಕೇ ನನಗೆ 'ಮೇಷ್ಟ್ರು' ಅಂತ ಹೆಸರು. ಹೆಂಗಸಾದರೂ ಮೇಷ್ಟ್ರೇ. ಈ ವರ್ಷ ಆಡುತ್ತಿರುವುದು ಲೆಜೆಂಡ್ ಆಫ್ ದಿ ಫೈವ್ ರಿಂಗ್ಸ್. 1995ರಲ್ಲಿ ಇಸ್ಪೀಟಿನ ಥರದ ಕಾರ್ಡ್ ಆಟವಾಗಿ ಶುರುವಾಗಿ, 1997ರಲ್ಲಿ ಪಾತ್ರ ವಹಿಸುವ ಆಟವಾಯಿತು. ರೊಕುಗನ್ ಅನ್ನೋ ಕಲ್ಪನೆಯ ದೇಶ. ಹಳೆಯ ಜಪಾನಿಗೆ ಭೂತ, ಮಂತ್ರ, ರಾಕ್ಷಸರನ್ನು ಸೇರಿಸಿ ಕಲಸಿದಂತೆ. ಏಡಿ, ಕೊಕ್ಕರೆ, ಸಿಂಹ, ಚೇಳು ಹೀಗೆ ಒಂದೊಂದು ಕುಲ. ಕಪ್ಪು ದಾಳಕ್ಕೆ ಆರು ಮುಖ, ಬಿಳಿ ದಾಳಕ್ಕೆ ಹನ್ನೆರಡು. ಅವನ್ನೆಲ್ಲ ನಮ್ಮಜ್ಜಿ ಮನೆಯ ಹಳೇ ಹಿತ್ತಾಳೆ ಸೇರಿನಲ್ಲಿ ಹಾಕಿಡುತ್ತೇನೆ. ಅದರಲ್ಲಿ ಕುಲುಕಿದರೆ ಒಳ್ಳೇ ಸದ್ದು ಬರುತ್ತದೆ.

ಈ ಆಟದಲ್ಲಿ ಪ್ರತಿ ಪಾತ್ರದ ಹಾಳೆಯಲ್ಲೂ ಎರಡು ಸಾಲು ಇರುತ್ತವೆ. ಒಂದು ಗಿರಿ, ಒಡೆಯನಿಗೆ ಸಲ್ಲಬೇಕಾದ ಕರ್ತವ್ಯ. ಇನ್ನೊಂದು ನಿಂಜೊ, ಮನಸ್ಸಿಗೆ ಬೇಕಾದದ್ದು. ಇವೆರಡರ ಜಗಳವೇ ಜಪಾನಿನ ಎಷ್ಟೋ ಹಳೆಯ ನಾಟಕಗಳ ಜೀವಾಳ. ಕಥೆ ಹೆಣೆಯುವವರಿಗೆ ಇದು ವರ. ಆಟಗಾರ ತಾನೇ ಬರೆದುಕೊಟ್ಟ ಎರಡು ಸಾಲನ್ನು ಎದುರುಬದುರು ನಿಲ್ಲಿಸಿದರೆ ಮುಗಿಯಿತು, ಅರ್ಧ ಕೆಲಸ ಆದಂತೆ.

ಮೂರು ವಾರ ರಾತ್ರಿ ಕೂತು ನಾನು ಅದನ್ನೇ ಮಾಡಿದ್ದೆ. ಏಡಿ ಕುಲದವರು ರಾಕ್ಷಸರನ್ನು ತಡೆಯಲು ದೊಡ್ಡ ಗೋಡೆ ಕಾಯುತ್ತಾರೆ. ಗೋಡೆಯ ಮೇಲಿನ ಸೈನಿಕರಿಗೆ ಅಕ್ಕಿ ಬೇಕು. ಒಂದು ಹಳ್ಳಿ ಬರದ ವರ್ಷದಲ್ಲಿ 60 ಕೊಕು ಅಕ್ಕಿ ಬಚ್ಚಿಟ್ಟಿದೆ ಅಂತ ಸುದ್ದಿ. ಒಡೆಯನ ಅಪ್ಪಣೆ: ಅಕ್ಕಿ ತನ್ನಿ, ಊರ ಯಜಮಾನನ ತಲೆ ತನ್ನಿ. ಆ ಯಜಮಾನನ ಹೆಂಡತಿಯೇ ನಮ್ಮ ಒಂದು ಪಾತ್ರಕ್ಕೆ ಹಾಲೂಡಿಸಿ ಸಾಕಿದವಳು. ಅಪ್ಪಣೆ ಪಾಲಿಸಬಹುದು. ಮೀರಿ ಹೊಟ್ಟೆ ಬಗೆದುಕೊಳ್ಳಬಹುದು. ಇಲ್ಲವೇ ಒಡೆಯನಿಗೆ ಬುದ್ಧಿ ಬರಲಿ ಅಂತ ಪತ್ರ ಬರೆದಿಟ್ಟು ಸಾಯಬಹುದು. ಜಪಾನಿನಲ್ಲಿ ಅದಕ್ಕೂ ಒಂದು ಹೆಸರಿತ್ತು, ಕನ್‌ಶಿ. ನನಗೆ ಭಾರಿ ಹೆಮ್ಮೆ. ಗಂಡನಿಗೆ ಓದಿ ಹೇಳಿದಾಗ ಅವನು, "ಎಲ್ಲಾ ದಾರಿನೂ ಮಸಣಕ್ಕೇ ಹೋಗುತ್ತಲ್ಲೇ" ಅಂದ. ಅದನ್ನು ಹೊಗಳಿಕೆ ಅಂತಲೇ ತಗೊಂಡೆ.

ಭಾನುವಾರ ಎಲ್ಲರೂ ಬಂದರು. ನಮ್ಮ ಗುಂಪಿನ ಬಗ್ಗೆ ಎರಡು ಮಾತು ಹೇಳದಿದ್ದರೆ ಆಗದು. ಒಬ್ಬನಿಗೆ ಕತ್ತಿ ಕಾಳಗ ಬಿಟ್ಟರೆ ಬೇರೇನೂ ಬೇಡ, ಟೀ ಅಂಗಡಿಯವನನ್ನೂ ದ್ವಂದ್ವಕ್ಕೆ ಕರೆಯುತ್ತಾನೆ. ಇನ್ನೊಬ್ಬ ಕಾಲೇಜು ಹುಡುಗ, ಕಾರ್ಟೂನ್ ನೋಡಿ ಕಲಿತ ಆರು ಜಪಾನಿ ಪದಗಳನ್ನು ಪ್ರತಿ ವಾಕ್ಯಕ್ಕೂ ಒಗ್ಗರಣೆ ಹಾಕುತ್ತಾನೆ. ಮೂರನೆಯವಳು ಚೇಳು ಕುಲದ ಮುಖವಾಡದವಳು, ನಿಜಕ್ಕೂ ಚೆನ್ನಾಗಿ ಆಡುವವಳು ಅವಳೊಬ್ಬಳೇ. ಅವಳನ್ನು ಬಿಡಲು ಬಂದ ಅಪ್ಪ ಮಳೆಗೆ ಸಿಕ್ಕಿಬಿದ್ದರು. ಸುಮ್ನೆ ಕೂರಿಸುವುದು ಹೇಗೆ ಅಂತ, ಮಿಕ್ಕಿದ್ದ ಒಂದು ಪಾತ್ರದ ಹಾಳೆಯನ್ನು ಅವರ ಕೈಗೆ ಕೊಟ್ಟೆ. ಏಡಿ ಕುಲದ ಮುದಿ ಕಾಲಾಳು. ವರ್ಷಕ್ಕೆ 5 ಕೊಕು ಸಂಬಳ.

"ಕೊಕು ಅಂದ್ರೆ ಏನಮ್ಮಾ?"

"ಅಂಕಲ್, ಒಬ್ಬ ಮನುಷ್ಯನಿಗೆ ಒಂದು ವರ್ಷಕ್ಕೆ ಸಾಕಾಗೋ ಅಕ್ಕಿ. ಸುಮಾರು 150 ಕೆಜಿ. ಸಮುರಾಯ್‌ಗಳಿಗೆ ಸಂಬಳ ಅಕ್ಕಿ ಲೆಕ್ಕದಲ್ಲೇ."

"ಒಂದೂವರೆ ಕ್ವಿಂಟಾಲ್. ಐದಂದ್ರೆ ಏಳೂವರೆ. ಸಂಸಾರ ಇದ್ಯಾ ಇವ್ನಿಗೆ?"

ಸಂಸಾರದ ಬಗ್ಗೆ ನಾನು ಯೋಚಿಸಿರಲಿಲ್ಲ. ಇದೆ ಅಂದೆ. "ಪಾಪ" ಅಂದರು.

ಗಿರಿ ಅಂದರೇನು ಅಂತಲೂ ಅವರಿಗೆ ಹೇಳಬೇಕಾಯಿತು. ಇಲ್ಲಿ ನಾನು ಸ್ವಲ್ಪ ಜಾಸ್ತಿಯೇ ಮೆರೆದೆ. ನಮ್ಮ ಹಳಗನ್ನಡ ಕಾವ್ಯಗಳಲ್ಲಿ 'ಜೋಳದ ಪಾಳಿ' ಅಂತ ಬರುತ್ತದಲ್ಲ, ಉಂಡ ಜೋಳದ ಋಣಕ್ಕೆ ಪ್ರಾಣ ಕೊಡುವುದು, ಅದೇ ಇದು ಅಂದೆ. ಹಳೇಬೀಡಿನ ಗರುಡಗಂಬದ ಕಥೆ ಹೇಳಿದೆ. ಹೊಯ್ಸಳ ರಾಜ ಇಮ್ಮಡಿ ಬಲ್ಲಾಳ ಸತ್ತಾಗ ಅವನ ಗರುಡ, ಅಂದರೆ ಒಡೆಯನ ಜೊತೆಗೇ ಸಾಯುತ್ತೇನೆ ಅಂತ ಆಣೆ ಮಾಡಿದ ಅಂಗರಕ್ಷಕ, ಆಗಿದ್ದ ಕುವರ ಲಕ್ಷ್ಮ ತಾನೂ ತಲೆ ಕೊಟ್ಟಿದ್ದು. ಜಪಾನಿನಲ್ಲೂ ಒಡೆಯನ ಹಿಂದೆಯೇ ಸಾಯುವ ಪದ್ಧತಿ ಇತ್ತು, ಕೊನೆಗೆ 1663ರಲ್ಲಿ ಅಲ್ಲಿನ ಸರ್ಕಾರವೇ ಸಾಯಬೇಡ್ರಪ್ಪಾ ಅಂತ ನಿಷೇಧ ಹಾಕಬೇಕಾಯಿತು. ಇಷ್ಟೆಲ್ಲ ಹೇಳಿ, "ಸಿಂಪಲ್ ಅಂಕಲ್. ಉಂಡ ಮನೆಗೆ ಎರಡು ಬಗೆಯಬಾರದು. ಅಷ್ಟೇ" ಅಂತ ಮುಗಿಸಿದೆ.

ಅವರು ತಲೆಯಾಡಿಸಿದರು.

ಆಟ ನಡೆಯಿತು. ಹಳ್ಳಿ ಬಂತು, ಮಂಜು ಬಂತು, ಸಾಕುತಾಯಿ ಅಳುತ್ತಾ ಬಂದಳು. ನಾನು ದನಿ ತಗ್ಗಿಸಿ ಅಪ್ಪಣೆಯ ಸುರುಳಿ ಓದಿದೆ. ದ್ವಂದ್ವದವನು ಆಗಲೇ ದಾಳಕ್ಕೆ ಕೈ ಹಾಕಿದ್ದ. ಕಾಲೇಜು ಹುಡುಗ ಹೊಟ್ಟೆ ಬಗೆದುಕೊಳ್ಳಲು ಒಳ್ಳೇ ಜಾಗ ಹುಡುಕುತ್ತಿದ್ದ. ಅಂಕಲ್ ಮಾತ್ರ ಕೈಯೆತ್ತಿದರು, ಕ್ಲಾಸಿನಲ್ಲಿ ಎತ್ತುವ ಹಾಗೆ.

"60 ಕೊಕು ಅಂದ್ರೆ 90 ಕ್ವಿಂಟಾಲು. ಅಕ್ಕಿನೋ, ಭತ್ತನೋ?"

"...ಅಕ್ಕಿ."

"ಅಕ್ಕಿ ಮಾಡಿ ಯಾರಮ್ಮಾ ಬಚ್ಚಿಡ್ತಾರೆ? ಹುಳ ಬೀಳುತ್ತೆ. ಭತ್ತನೇ ಇಡೋದು. ನಮ್ ಕಡೆ ರಾಗಿಗಾದ್ರೆ ನೆಲದಲ್ಲಿ ಗುಂಡಿ ತೋಡಿ ಹಗೇವು ತೆಗೀತಿದ್ರು. ಭತ್ತ ಅಷ್ಟೊಂದು ಇಟ್ರೆ ಇಡೀ ಊರಿಗೇ ಗೊತ್ತಿರುತ್ತೆ. ಯಜಮಾನ ಒಬ್ಬನ ಕೆಲ್ಸ ಅಲ್ಲ ಅದು."

ಸರಿ, ಇಡೀ ಊರಿಗೆ ಗೊತ್ತು ಅಂತಿಟ್ಟುಕೊಳ್ಳಿ, ಆದರೂ ಒಡೆಯನ ಅಪ್ಪಣೆ ಇದೆಯಲ್ಲ ಅಂದೆ. ಅವನ ಅನ್ನ ಉಂಡಿದ್ದೀರಲ್ಲ ಅಂದೆ. ಆಗ ಬಂತು ಆ ಮಾತು. ಜೋರಾಗಿಯೂ ಅಲ್ಲ, ವಾದಕ್ಕೂ ಅಲ್ಲ. ನಿಜವಾಗಲೂ ತಿಳಿದುಕೊಳ್ಳಬೇಕು ಅನ್ನೋ ಹಾಗೆ.

"ಎಲ್ಲಾ ಸರಿ ಕಣಮ್ಮಾ. ಆದ್ರೆ ನಾನ್ ಉಂಡಿರೋ ಅಕ್ಕಿ ಯಾರ್ದು? ಒಡೆಯ ಬೆಳೆದಿದ್ದಾ? ಈ ಊರೋರು ಬೆಳೆದಿದ್ದು ತಾನೇ? ನೀನೇ ಅಂದ್ಯಲ್ಲಾ, ಉಂಡ ಮನೆಗೆ ಎರಡು ಬಗೀಬಾರ್ದು ಅಂತ. ಉಂಡ ಮನೆ ಇದೇ ಆಯ್ತಲ್ಲ ಮತ್ತೆ."

ಟೇಬಲ್ ಸುತ್ತ ಸದ್ದಿಲ್ಲ. ಮಳೆಯದ್ದು ಮಾತ್ರ. ಅವರ ಮಗಳು ಮುಖವಾಡದ ಹಿಂದಿನಿಂದ ನಗುತ್ತಿದ್ದಳು. ಮುಖವಾಡ ನಿಜಕ್ಕೂ ಇರಲಿಲ್ಲ, ಆದರೂ ಹಾಗೇ ಕಂಡಿತು.

ಆಮೇಲೆ ಎಲ್ಲರೂ ಸೇರಿ ಊರ ಲೆಕ್ಕದ ಪುಸ್ತಕ ನೋಡಬೇಕು ಅಂತ ಹಟ ಹಿಡಿದರು. ನನ್ನ ಹತ್ತಿರ ದುಃಖಕ್ಕೆ ನಾಲ್ಕು ಪುಟ ಇತ್ತು, ಲೆಕ್ಕಕ್ಕೆ ಒಂದು ಸಾಲೂ ಇರಲಿಲ್ಲ. ಮಳೆ ನೆಪ ಹೇಳಿ ಮುಕ್ಕಾಲು ಗಂಟೆ ಮುಂಚೆಯೇ ಆಟ ನಿಲ್ಲಿಸಿದೆ. ಬೋಂಡ ಮಾತ್ರ ಖಾಲಿಯಾಯಿತು.

ಮೊದಲ ದಿನ ನನಗೆ ಬಂದದ್ದು ಕೋಪ. ಆಟದ ಲೋಕದ ನಿಯಮ ಗೊತ್ತಿಲ್ಲದವರು ಬಂದು ಕಥೆ ಕೆಡಿಸಿದರು ಅಂತ. ರೊಕುಗನ್‌ನಲ್ಲಿ ಯಾವ ಸಮುರಾಯ್‌ಗೂ ಆ ಪ್ರಶ್ನೆ ಹೊಳೆಯುವುದಿಲ್ಲ ಅಂತ ಗಂಡನ ಹತ್ತಿರ ವಾದ ಮಾಡಿದೆ. ಅವನು ಫ್ಯಾನ್ ನೋಡುತ್ತಾ ಮಲಗಿದ್ದ. ಅವನಿಗೆ ಯಾವ ಪ್ರಶ್ನೆಯೂ ಹೊಳೆಯುವುದಿಲ್ಲ.

ಮಂಗಳವಾರದ ಹೊತ್ತಿಗೆ ಕೋಪ ಇಳಿದು ಓದಲು ಕೂತೆ. ನಿಜವಾದ ಜಪಾನಿನಲ್ಲಿ ಎಲ್ಲವೂ ಅಕ್ಕಿಯ ಲೆಕ್ಕವೇ. 10,000 ಕೊಕು ಇದ್ದರೆ ಮಾತ್ರ ದೈಮ್ಯೊ, ಅಂದರೆ ದೊಡ್ಡ ಒಡೆಯ. ಜಪಾನನ್ನು ಒಂದುಗೂಡಿಸಿದ ಹಿದೆಯೋಶಿ 1582ರಿಂದ ಊರೂರು ಅಳೆಸಿ, ಯಾವ ಗದ್ದೆಯಲ್ಲಿ ಎಷ್ಟು ಕೊಕು ಅಂತ ಬರೆಸಿದ. 1588ರಲ್ಲಿ ರೈತರ ಕತ್ತಿಗಳನ್ನೆಲ್ಲ ಕಿತ್ತುಕೊಂಡ. ರೈತರೇನು ಸುಮ್ಮನಿದ್ದರೇ? ಅಳತೆಗೆ ಸಿಗದ ಹಾಗೆ ಗುಡ್ಡದ ಮರೆಯಲ್ಲಿ ಗದ್ದೆ ಮಾಡಿದರು. ಕಕುಶಿದಾ, ಅಡಗಿಸಿದ ಗದ್ದೆ. ಆಮೇಲಾಮೇಲೆ ಒಡೆಯನಿಗೆ ದೂರು ಬರೆಯುವಾಗ ಹೆಸರುಗಳನ್ನು ಸಾಲಾಗಿ ಬರೆಯದೆ, ಬಿಚ್ಚಿದ ಕೊಡೆಯ ಕಡ್ಡಿಗಳ ಹಾಗೆ ಸುತ್ತ ಬರೆದರು. ಮೊದಲ ಹೆಸರು ಯಾರದ್ದು, ಯಾರ ತಲೆ ತೆಗೆಯಬೇಕು ಅಂತ ಗೊತ್ತಾಗಬಾರದು.

ಇದನ್ನು ಓದಿ ಎದ್ದು ಕೂತೆ. ನಾನು ಮೂರು ವಾರ ಹೆಣೆದ ಕಥೆಗಿಂತ ಆ ಒಂದು ಹಾಳೆ ಸಾವಿರ ಪಾಲು ಚೆಂದ. ಅಪ್ಪಣೆ ಯಜಮಾನನ ತಲೆ ಕೇಳುತ್ತದೆ, ಊರು ಒಂದು ದುಂಡನೆಯ ಪತ್ರ ಕೊಡುತ್ತದೆ. ತೆಗೀರಿ ನೋಡೋಣ.

ನನ್ನ ಹಳ್ಳಿಯಲ್ಲಿ ಏನಿತ್ತು? ಅಳುವ ಹೆಂಗಸು, ಬಾಗಿದ ಯಜಮಾನ, ಹಿಂದುಗಡೆ ಮಂಜು. ಅವರ ಬಾಯಲ್ಲಿ ಒಂದು ಪ್ರಶ್ನೆ ಇರಲಿಲ್ಲ, ಹೊಟ್ಟೆಯಲ್ಲಿ ಒಂದು ಉಪಾಯ ಇರಲಿಲ್ಲ. ಸಮುರಾಯ್‌ಗಳ ಮನಸ್ಸು ಹಿಂಡಲು ಇಟ್ಟ ಗೊಂಬೆಗಳು. ಇನ್ನೂ ಕೆಳಗಿನವರಂತೂ ಇರಲೇ ಇಲ್ಲ. ಹೆಣ ಎತ್ತುವವರನ್ನು, ಚರ್ಮ ಹದ ಮಾಡುವವರನ್ನು ಜಪಾನಿನಲ್ಲೂ ಊರಾಚೆ ಇಟ್ಟಿದ್ದರು, ಆ ಭೇದ ಕಾನೂನಿನಲ್ಲಿ ಹೋಗಿದ್ದು 1871ರಲ್ಲಿ. ನನ್ನ ಕಥೆಯಲ್ಲಿ ತಲೆ ಉರುಳಿದ ಮೇಲೆ ಮುಂಡವನ್ನು ಎತ್ತುವವರು ಯಾರು ಅಂತ ಯಾರೂ ಕೇಳಿಲ್ಲ. ನಾನೂ ಬರೆದಿಲ್ಲ. ಇದೆಲ್ಲ ಗೊತ್ತಿಲ್ಲದ ದೇಶದವಳೇ ನಾನು?

ಬುಧವಾರ ಅಂಕಲ್ ಮಗಳು ಫೋನ್ ಮಾಡಿದ್ದಳು. ಅಪ್ಪನಿಗೆ ಆಟ ಬಹಳ ಹಿಡಿಸಿದೆಯಂತೆ. "ಬೇಜಾರ್ ಮಾಡ್ಕೋಬೇಡಿ ಅಕ್ಕ. ನಮ್ಮ ಮುತ್ತಾತ ವಾರಕ್ಕೆ ಗದ್ದೆ ಮಾಡ್ತಿದ್ರು. ಬೆಳೆದಿದ್ದರಲ್ಲಿ ಅರ್ಧ ಜಮೀನಿನವರಿಗೆ. ಅಳೆಯೋಕೆ ಅವರು ಬರೋ ಮುಂಚೆ ಕಣದಿಂದ ಎರಡು ಮೂಟೆ ಹುಲ್ಲಿನ ಬಣವೆಗೆ ಹೋಗ್ತಿತ್ತಂತೆ. ಅದನ್ನ ಅಪ್ಪ ಈಗಲೂ ನಗಾಡ್ಕೊಂಡು ಹೇಳ್ತಾರೆ. 1974ರಲ್ಲಿ ಉಳುವವನೇ ಒಡೆಯ ಅಂತ ಕಾನೂನಾಯ್ತಲ್ಲ, ಆಗ ಗದ್ದೆ ಬಂತು."

ಗದ್ದೆ ಬಂತು. ಆ ಎರಡು ಪದ ಕೇಳಿ ಒಂದು ಕ್ಷಣ ಏನೂ ತೋಚಲಿಲ್ಲ. ನಮ್ಮದು ಸಾಗರದ ಕಡೆ. ನಮ್ಮ ಮನೆಯಲ್ಲಿ ಅದೇ ವರ್ಷವನ್ನು 'ಗದ್ದೆ ಹೋದ ವರ್ಷ' ಅನ್ನುತ್ತಾರೆ. ಅಜ್ಜಿ ಹೇಳುವ ಕಥೆಯಲ್ಲಿ ಗೇಣಿ ಭತ್ತ ತಾನಾಗಿಯೇ ಅಂಗಳಕ್ಕೆ ಬರುತ್ತಿತ್ತು, ಗಾಡಿ ಮೇಲೆ, ಸಾಯಂಕಾಲ. ತಂದವರಿಗೆ ಆ ಕಥೆಯಲ್ಲಿ ಹೆಸರಿಲ್ಲ. ಹತ್ತಿರದಲ್ಲೇ ಕಾಗೋಡು. 1951ರಲ್ಲಿ ಅಲ್ಲಿ ಗೇಣಿದಾರರು ತಿರುಗಿಬಿದ್ದಿದ್ದರು, ಸಮಾಜವಾದಿ ನಾಯಕ ಲೋಹಿಯಾ ಬಂದಿದ್ದರು, ಭತ್ತ ಅಳೆಯುವ ಕೊಳಗ ಎಷ್ಟು ದೊಡ್ಡದಿರಬೇಕು ಅನ್ನುವುದೂ ಆ ಜಗಳದಲ್ಲಿತ್ತು ಅಂತ ಶಾಲೆಯಲ್ಲಿ ಓದಿ ಅಂಕ ತಗೊಂಡಿದ್ದೆ. ಮನೆಗೂ ಅದಕ್ಕೂ ಏನಾದರೂ ಸಂಬಂಧ ಇದೆಯಾ ಅಂತ ಒಮ್ಮೆಯೂ ಕೇಳಿರಲಿಲ್ಲ. ಇಷ್ಟು ವರ್ಷ ಸಮುರಾಯ್ ಕಥೆ ಬರೆಯುವಾಗ ಒಡೆಯನ ಮನೆಯ ಅಂಗಳದಲ್ಲೇ ನಿಂತು ಬರೆಯುತ್ತಿದ್ದೆನಾ? ಅಲ್ಲಿಂದ ನೋಡಿದರೆ ಅಕ್ಕಿ ಗಾಡಿ ಮೇಲೆಯೇ ಬರುತ್ತದೆ ಅಲ್ವಾ.

ಮುಂದಿನ ಭಾನುವಾರಕ್ಕೆ ಎಲ್ಲ ಹರಿದು ಹಾಕಿ ಹೊಸದಾಗಿ ಬರೆಯುತ್ತಿದ್ದೇನೆ. ಹಿದೆಯೋಶಿ ಕಾಲದಲ್ಲಿ ಅಕ್ಕಿ ಅಳೆಯಲು ಮಸು ಅನ್ನೋ ಚೌಕದ ಮರದ ಪೆಟ್ಟಿಗೆ ಇತ್ತು. ಊರಿಗೊಂದು ಅಳತೆ ಇದ್ದದ್ದನ್ನು ತೆಗೆದು ಕ್ಯೋಟೊದ ಮಸುವನ್ನೇ ಎಲ್ಲ ಕಡೆ ತರಲು ನೋಡಿದ. ಹಾಗಾಗಿ ನನ್ನ ಕಥೆಯಲ್ಲಿ ಈಗ ಯಾರೂ ಏನನ್ನೂ ಬಚ್ಚಿಟ್ಟಿಲ್ಲ. ಅಧಿಕಾರಿಯ ಮಸು ಊರಿನ ಮಸುಗಿಂತ ಬೆರಳಗಲ ಆಳ. ಆಟಗಾರರು ಹುಡುಕಿಕೊಳ್ಳಲಿ. ದ್ವಂದ್ವದವನಿಗೂ ಒಂದು ದ್ವಂದ್ವ ಇಟ್ಟಿದ್ದೇನೆ, ಇಲ್ಲದಿದ್ದರೆ ಬರುವುದೇ ಇಲ್ಲ ಆಸಾಮಿ.

ನಿನ್ನೆ ರಾತ್ರಿ ಅಂಕಲ್ ಮಗಳ ಮೆಸೇಜ್ ಬಂತು. "ಅಪ್ಪನೂ ಬರ್ತಾರಂತೆ. ಇನ್ನೊಂದು ಕೇಳು ಅಂದ್ರು: ಆ ದಾಳ ಹಾಕಿಡೋ ಹಿತ್ತಾಳೆ ಸೇರು ಕೊಡೋ ಸೇರಾ, ತಗೊಳ್ಳೋ ಸೇರಾ?"

ನನಗೆ ಅರ್ಥವಾಗಲಿಲ್ಲ. ದಾಳಗಳನ್ನು ಸುರಿದು ಸೇರನ್ನು ದೀಪದ ಕೆಳಗೆ ತಿರುಗಿಸಿ ನೋಡಿದೆ. ಅಡುಗೆಮನೆಗೆ ಹೋಗಿ ಅಕ್ಕಿ ತುಂಬಿದೆ, ಕೈಯಿಂದ ಒರೆಸಿದೆ. ಯಾವುದಕ್ಕೆ ಹೋಲಿಸಬೇಕು ಅಂತ ತಿಳಿಯದೆ ಅಮ್ಮನಿಗೆ ಫೋನ್ ಮಾಡಿದೆ.

"ಅದಾ? ಎರಡಿತ್ತು ಕಣೇ ಅಜ್ಜಿ ಮನೇಲಿ" ಅಂದರು ಅಮ್ಮ. "ನಿಂಗೆ ಕೊಟ್ಟಿದ್ದು ದೊಡ್ಡದು. ಚಿಕ್ಕದು ಎಲ್ಲಿ ಹೋಯ್ತೋ."